ಎರಡೇ ಕೇಬಲ್‌ನಲ್ಲಿ ಮಟ್ಟಸವಾಗಿ ನಿಂತ ದೀಪ

ಮರದ ಪಟ್ಟಿಯೊಳಗೆ ಕಾಲುವೆ ಕೊರೆದು, ಎಲ್‌ಇಡಿ ಸ್ಟ್ರಿಪ್ ಕೂರಿಸಿ ನಾನೇ ಮಾಡಿದ ದೀಪವನ್ನು ಸ್ಟೀಲ್ ಕೇಬಲ್‌ನಿಂದ ಇಳಿಬಿಡುತ್ತೇನೆಂದಾಗ, ಈ ಕೆಲಸ ಬಲ್ಲ ಗೆಳೆಯರಿಬ್ಬರೂ ಅದು ಎಂದಿಗೂ ಮಟ್ಟಸವಾಗಿ ನಿಲ್ಲುವುದಿಲ್ಲ, ಸುಮ್ಮನೆ ಪೈಪ್ ಹಾಕು ಎಂದಿದ್ದರು. ಹತ್ತಿರ ಹತ್ತಿರ ಎರಡು ವರ್ಷವಾಯಿತು, ದೀಪ ಒಂದಿಷ್ಟೂ ವಾಲಿಲ್ಲ. ಹಾಗಾಗಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ದೀಪದ ಉದ್ದ ಸುಮಾರು 120 ಸೆಂ.ಮೀ., ತೂಕ ನಾಲ್ಕೂವರೆ ಕಿಲೋ ಇದ್ದಿರಬೇಕು. ಒಂದೂವರೆ ಮಿ.ಮೀ. ಕೇಬಲ್‌ಗೆ ಇದು ಭಾರವೇ ಅಲ್ಲ. ಆದರೂ ಭದ್ರವಾಗಿರಲಿ ಎಂದು ಮೊದಲ ಸಲ ನಾಲ್ಕು ಮೂಲೆಗೂ ಒಂದೊಂದು ಕೇಬಲ್ ಹಾಕಿದೆ. ಭಾರವನ್ನು ಮೂರು ಕೇಬಲ್‌ಗಳೇ ಹೊತ್ತುಕೊಂಡು ನಾಲ್ಕನೆಯದು ಜೋಲು ಬೀಳುತ್ತಿತ್ತು, ಅದನ್ನು ಬಿಗಿದರೆ ಪಕ್ಕದ ಮೂಲೆಯದು ಸಡಿಲವಾಗುತ್ತಿತ್ತು. ಎರಡು ಸಂಜೆ ಹೀಗೇ ಕಳೆದ ಮೇಲೆ ನಾಲ್ಕನ್ನೂ ಬಿಚ್ಚಿದೆ.

ಎರಡನೆಯ ಸಲ ಎರಡೇ ಕೇಬಲ್ ಹಾಕಿ, ತುದಿಯ ಕುಣಿಕೆಗಳನ್ನು ಫೆರೂಲ್ ಎಂಬ ಪುಟ್ಟ ಅಲ್ಯೂಮಿನಿಯಂ ಕೊಳವೆಯಿಂದ ಕಟ್ಟಿದೆ. ಅದನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಟೂಲ್‌ಗೆ ಹಣ ಹಾಕಲು ಮನಸ್ಸಾಗದೆ ಸಾಮಾನ್ಯ ಪ್ಲೈಯರ್‌ನಿಂದಲೇ ಒತ್ತಿದ್ದು ದೊಡ್ಡ ತಪ್ಪು. ಮೂರನೆಯ ದಿನ ಒಂದು ಫೆರೂಲ್ ಜಾರಿ, ದೀಪದ ಒಂದು ತುದಿ ಮೇಜಿಗೆ ಬಡಿದು, ಬೆಳಕನ್ನು ಹರಡುವ ಮುಚ್ಚಳ, ಅಂದರೆ ಡಿಫ್ಯೂಸರ್, ಸೀಳಿಹೋಯಿತು. ಹೊಸ ಡಿಫ್ಯೂಸರ್‌ಗೆ ಕೊಟ್ಟ ಹಣದಲ್ಲಿ ಆ ಟೂಲ್ ಬಂದು ಇನ್ನೂ ಸ್ವಲ್ಪ ಉಳಿಯುತ್ತಿತ್ತು.

ಕೊನೆಗೆ ಕೈಹಿಡಿದದ್ದು ಸ್ಪ್ರಿಂಗ್ ಗ್ರಿಪ್ಪರ್, ಅಂದರೆ ಕೇಬಲನ್ನು ತಾನೇ ಕಚ್ಚಿ ಹಿಡಿದು, ಪಿನ್ ಒತ್ತಿದಾಗ ಮಾತ್ರ ಬಿಡುವ ಪುಟ್ಟ ಹಿಡಿಕೆ. ಇಡೀ ಕೆಲಸದಲ್ಲಿ ದುಬಾರಿಯಾದ ವಸ್ತು ಅದೇ ಆದರೂ ಅದರಲ್ಲಿ ಉಳಿತಾಯ ಮಾಡಬಾರದು. ಅದನ್ನು ಚಾವಣಿಯಲ್ಲಿ ಇಡದೆ ದೀಪದ ಮೇಲ್ಭಾಗದಲ್ಲೇ ಕೂರಿಸಿದೆ. ಒಂದು ಕೈಯಲ್ಲಿ ದೀಪವನ್ನು ತುಸು ಎತ್ತಿ, ಇನ್ನೊಂದು ಕೈಯಲ್ಲಿ ಪಿನ್ ಒತ್ತಿದರೆ ಕೇಬಲ್ ಕೂದಲೆಳೆಯಷ್ಟೇ ಸರಿಯುತ್ತದೆ, ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬರುವುದನ್ನು ಅಲ್ಲೇ ನೋಡಬಹುದು. ಚಾವಣಿಯೇ ಓರೆಯಾಗಿದ್ದರೂ ಚಿಂತೆಯಿಲ್ಲ. ಕೇಬಲ್ ಕತ್ತರಿಸುವ ಜಾಗಕ್ಕೆ ಮೊದಲೇ ಒಂದು ಹನಿ ಸೂಪರ್ ಗ್ಲೂ ಹಾಕಿ, ಅದು ಒಣಗಿದ ಮೇಲೆ ನಡುವೆ ಕತ್ತರಿಸಬೇಕು, ಇಲ್ಲದಿದ್ದರೆ ಎಳೆಗಳು ಬಿಚ್ಚಿಕೊಂಡು ಬ್ರಷ್‌ನಂತಾಗಿ ಗ್ರಿಪ್ಪರ್‌ನ ತೂತಿಗೆ ಇಳಿಯುವುದೇ ಇಲ್ಲ.

ಕೇಬಲ್‌ಗಳನ್ನು ಎರಡೂ ತುದಿಯಿಂದ ಉದ್ದದ ಐದನೇ ಒಂದು ಭಾಗದಷ್ಟು ಒಳಗೆ ಹಾಕಿದ್ದೇನೆ, ಅಲ್ಲಿ ಹಾಕಿದರೆ ಮರ ಬಾಗುವುದು ಅತ್ಯಂತ ಕಡಿಮೆ. ಚಾವಣಿಯ ತೂತುಗಳಲ್ಲಿ ಒಂದಕ್ಕೆ ಕಂಬಿ ಅಡ್ಡಬಂದಾಗ ಅದೊಂದನ್ನೇ ಸುಮಾರು ಒಂದು ಸೆಂ.ಮೀ. ಸರಿಸಿ ನೋಡಿದೆ, ಕೇಬಲ್ ಓರೆಯಾಗಿದ್ದು ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಅವನ್ನು ಮುಚ್ಚಿ ಎರಡನ್ನೂ ಹೊಸದಾಗಿ ಕೊರೆದೆ.

ವೈರನ್ನೇ ತೆಗೆದುಹಾಕಿ, 12 ವೋಲ್ಟನ್ನು ಎರಡು ಕೇಬಲ್‌ಗಳ ಮೂಲಕವೇ ಹರಿಸುವ ಪ್ರಯೋಗವನ್ನೂ ಮಾಡಿದೆ. ಸ್ಟೇನ್‌ಲೆಸ್ ಸ್ಟೀಲಿನ ರೆಸಿಸ್ಟೆನ್ಸ್ ತಾಮ್ರದ ಸುಮಾರು 40 ಪಟ್ಟು. ಸ್ಟ್ರಿಪ್‌ಗೆ ತಲುಪುವಷ್ಟರಲ್ಲಿ ಹತ್ತು ವೋಲ್ಟಿನ ಆಸುಪಾಸು ಉಳಿದು, ಬೆಳಕು ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಆ ಪ್ರಯೋಗಕ್ಕಾಗಿ, ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ, ಅಲ್ಲಿಯವರೆಗೆ ದೀಪದಲ್ಲೇ ಇದ್ದ ಡ್ರೈವರನ್ನು ಚಾವಣಿಯ ಕಪ್‌ನೊಳಗೆ ಸೇರಿಸಿದ್ದರಿಂದ ದೀಪ ಒಂದು ಮಗ್ಗುಲಿಗೆ ಹೊರಳುತ್ತಿದ್ದುದು ತಾನಾಗಿ ನಿಂತಿತು, ಅಷ್ಟು ದಿನ ಅದನ್ನು ಓರೆ ಮಾಡುತ್ತಿದ್ದದ್ದು ಡ್ರೈವರಿನ ತೂಕವೇ. ಈಗ ಒಂದು ಕೇಬಲ್‌ನ ಪಕ್ಕದಲ್ಲಿ ತೆಳುವಾದ ತಾಮ್ರದ ವೈರ್ ಇಳಿದಿದೆ, ಅದಕ್ಕೆ ಭಾರ ಬೀಳದಂತೆ ಮೂರು ಬೆರಳಿನಷ್ಟು ಹೆಚ್ಚು ಉದ್ದ ಬಿಟ್ಟಿದ್ದೇನೆ. ಕಟ್ಟುವ ಟೈ ಯಾವುದೂ ಕಾಣದಂತೆ ಅದು ಕೇಬಲ್‌ಗೆ ಅಂಟಿಕೊಂಡಿರುವುದು ಹೇಗೆಂದು ಎಲ್ಲರೂ ಕೇಳುತ್ತಾರೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸುರುಳಿಯಲ್ಲಿದ್ದ ಕೇಬಲ್ ಪೂರ್ತಿ ನೇರವಾಗಲು ಒಂದು ವಾರ ಹಿಡಿಯಿತು, ಆಗ ಒಂದು ಬದಿ ಮಿಲಿಮೀಟರಿನಷ್ಟು ಇಳಿದಿತ್ತು. ಅಂದು ಸರಿಪಡಿಸಿದ ಮೇಲೆ ಗ್ರಿಪ್ಪರ್ ಮುಟ್ಟುವ ಪ್ರಮೇಯವೇ ಬಂದಿಲ್ಲ.