ಒಂದು ಮ್ಯೂಸಿಯಂ, ಒಂದೇ ಚಿತ್ರ: ನನ್ನ ಅನುಭವ

ಒಂದು ಮ್ಯೂಸಿಯಂಗೆ ಹೋದರೆ ಒಂದೇ ಚಿತ್ರ ನೋಡಿ ವಾಪಸ್ ಬರ್ತೀನಿ ಅಂದಾಗ ನಮ್ಮ ಚಿತ್ರಕಾರರ ಗುಂಪಿನವರು ನಕ್ಕಿದ್ದರು. "ಬಸ್ ಚಾರ್ಜ್ ದಂಡ ಕಣೋ" ಅಂದರು. ಈಗ ನನ್ನ ಮೈಸೂರು ಶೈಲಿ ಚಿತ್ರಗಳ ಮುಂದೆ ನಿಂತು "ಈ ಕೈ ಯಾರ ಹತ್ರ ಕಲಿತೆ?" ಅಂತ ಅವರೇ ಕೇಳ್ತಾರೆ. ಅದಕ್ಕೇ ಬರೀತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೇ ಸುತ್ತಿದವನು. ದೆಹಲಿಗೆ ಒಂದು ಟೂರ್ ಹೋಗಿದ್ದೆ. ಹತ್ತು ಸಾವಿರದ ಹತ್ತಿರ ಖರ್ಚು. ನ್ಯಾಷನಲ್ ಮ್ಯೂಸಿಯಂಗೆ ಅರ್ಧ ದಿನ ಕೊಟ್ಟರು. ಫೋನ್ ತುಂಬ ಫೋಟೋ ಬಂತು, ಕೈಗೆ ಏನೂ ಬರಲಿಲ್ಲ. ಗೆಸ್ಸೋ (ಚಿನ್ನದ ರೇಕಿನ ಕೆಳಗೆ ಉಬ್ಬು ಬರಿಸೋಕೆ ಹಚ್ಚೋ ಮಿಶ್ರಣ) ಎಷ್ಟು ಉಬ್ಬಿದೆ ಅನ್ನೋದು ಫೋಟೋದಲ್ಲಿ ಕಾಣೋದೇ ಇಲ್ಲ. ತಂಜಾವೂರು ಶೈಲಿಯದು ದಪ್ಪ, ನಮ್ಮ ಮೈಸೂರಿನದು ತೆಳು ಅಂತ ನಿಮಗೂ ಗೊತ್ತು. ಆದರೆ ಎಷ್ಟು ತೆಳು? ಚಿತ್ರಕಲಾ ಪರಿಷತ್ತಿನಲ್ಲಿ ಹಳೇ ಮೈಸೂರು ಚಿತ್ರಗಳ ಪಕ್ಕಕ್ಕೆ ಸರಿದು, ಓರೆಯಾಗಿ ಬಗ್ಗಿ ನೋಡಿದ ಮೇಲೇ ನನ್ನದು ಎಷ್ಟು ದಪ್ಪ ಅಂತ ಗೊತ್ತಾಗಿದ್ದು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಗೋಡೆ ಚಿತ್ರ ಇದೆಯಲ್ಲ, ಜನ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾನಿ ಬೈಲಿ, ಸಿಡಿಯೋ ಮದ್ದಿನ ಗಾಡಿ ನೋಡಿ ಮುಂದೆ ಹೋಗ್ತಾರೆ. ನಾನು ಸಾಲು ಸಿಪಾಯಿಗಳ ಕಾಲು ಮಾತ್ರ ಬರೆದೆ. ಬಿಸಿಲು ತಾಗದ ಹಾಗೆ ಪರದೆ ಇಳಿಬಿಟ್ಟಿರ್ತಾರೆ, ಬೆಳಕು ಕಮ್ಮಿ. ಕಣ್ಣು ಹೊಂದಿಕೊಳ್ಳೋವರೆಗೆ ಸುಮ್ನೆ ನಿಲ್ಲಬೇಕು. ಆ ಕಾಲುಗಳು ಹೆಚ್ಚುಕಮ್ಮಿ ಒಂದೇ ಅಚ್ಚು. ಒಂದೇ ಗೆರೆಯನ್ನು ಚೂರು ಚೂರು ಸರಿಸಿ ಸೈನ್ಯವನ್ನೇ ನಡೆಸಿದ್ದಾನೆ ಪುಣ್ಯಾತ್ಮ! ಅಲ್ಲಿವರೆಗೆ ನಾನು ಗುಂಪು ಬರೆಯೋವಾಗ ಆಳಿಗೊಂದು ಭಂಗಿ ಹುಡುಕಿ ಸಾಯ್ತಿದ್ದೆ. ನನ್ನ ದಸರಾ ಮೆರವಣಿಗೆ ಚಿತ್ರ ಈ ಕಾಲುಗಳಿಂದ ಬಂದದ್ದು. ಹದಿನೆಂಟು ಸಾವಿರಕ್ಕೋ ಏನೋ ಹೋಯಿತು. ಟೂರಿನ ದುಡ್ಡು ಅಲ್ಲಿಗೆ ವಸೂಲಿ.

ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರ. ಹಲ್ದಣಕರ್ ಅವರದು, ರವಿವರ್ಮನದಲ್ಲ (ಇದನ್ನು ಇನ್ನೂ ಎಷ್ಟು ಸಲ ಹೇಳಬೇಕೋ!). ಅಲ್ಲಿ ನಾನು ಮುಖ ನೋಡಲಿಲ್ಲ, ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿದೆ. ಬೆರಳ ಸಂದಿಯ ಕೆಂಪು ಹೊಳೆಯೋದು ಸುತ್ತಲಿನ ಕತ್ತಲಿನಿಂದ. ಮನೆಗೆ ಬಂದು ಚಿನ್ನದ ರೇಕು ಅರ್ಧಕ್ಕೆ ಇಳಿಸಿ, ಹಿನ್ನೆಲೆ ಗಾಢ ಮಾಡಿದೆ. ಹೊಳಪು ಜಾಸ್ತಿಯೇ ಆಯಿತು. ರೇಕಿನ ಬೆಲೆ ಗೊತ್ತಲ್ವಾ, ಚಿತ್ರಕ್ಕೆ ಏಳೆಂಟು ನೂರು ಉಳೀತು. ಆ ಹಿನ್ನೆಲೆಗೆ ಯಾವ ಬಣ್ಣ ಬೆರೆಸ್ತೀನಿ ಅಂತ ಮಾತ್ರ ಕೇಳಬೇಡಿ.

ನಡುವೆ ತೊಗಲು ಗೊಂಬೆ ಹುಚ್ಚೂ ಹಿಡಿದಿತ್ತು. ಅದೂ ಪರಿಷತ್ತಿನ ಸಂಗ್ರಹ ನೋಡಿಯೇ. ಬೆಳಕು ಹಾಯೋದಕ್ಕೆ ಕೊರೆದ ತೂತುಗಳೇ ಒಡವೆ ಆಗೋದು ನೋಡಿ ತಲೆ ಕೆಟ್ಟಿತು. ಆಡಿನ ಚರ್ಮ ತಂದು ಹೆರೆದೆ. ವಾಸನೆಗೆ ಮನೆಯವಳು ಎರಡು ದಿನ ಮಾತಾಡಲಿಲ್ಲ. ಒಣಗಿ ಸುರುಳಿ ಸುತ್ತಿಕೊಂಡಿತು. ಸಾವಿರದ ಮೇಲೆ ಹೋಯಿತು. ಆದರೆ ತೂತಿನ ಸಾಲು ಈಗ ನನ್ನ ಗೆಸ್ಸೋ ಅಂಚಿನಲ್ಲಿದೆ.

ಪೆನ್ಸಿಲ್ ಮಾತ್ರ ಒಯ್ಯಿರಿ, ಇಂಕ್ ಕಂಡರೆ ಕಾವಲಿನವರು ಗದರುತ್ತಾರೆ. ಒಂದು ಕಡೆ ಮಡಚುವ ಸ್ಟೂಲನ್ನೂ ಒಳಗೆ ಬಿಡಲಿಲ್ಲ, ನಿಂತೇ ಬರೆದೆ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ (ಎನ್‌ಜಿಎಂಎ) ಸೋಮವಾರ ಹೋಗಬೇಡಿ, ರಜೆ.

ಹಂಪಿ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಚಾವಣಿ ಚಿತ್ರಗಳಿಗೆ ಕತ್ತು ಸೋತಿತ್ತು. ಕ್ಷೌರದ ಕನ್ನಡಿ ತೊಡೆ ಮೇಲಿಟ್ಟು ಬರೆದೆ. ಎಡದ್ದು ಬಲಕ್ಕೆ ಬಂತು! ಟ್ರೇಸಿಂಗ್ ಪೇಪರ್ ತಿರುವಿ ಹಿಂದಿನಿಂದ ತೆಗೆದರೆ ಸರಿಹೋಗುತ್ತೆ. ಮುಂದಿನ ಸಲ ಲೇಪಾಕ್ಷಿಯ ಚಾವಣಿ ಚಿತ್ರಗಳಿಗೆ ದೊಡ್ಡ ಕನ್ನಡಿಯನ್ನೇ ಒಯ್ಯೋಣ ಅಂತಿದ್ದೇನೆ, ಬಸ್ಸಿನಲ್ಲಿ ಒಡೆಯದೆ ಉಳಿದರೆ.