ಮೆನಿಸ್ಕಸ್ ಹೊಲಿಗೆಗಳ ಬಲ ಹೋಲಿಸುವುದು ಹೇಗೆ: ಎಳೆಯುವ ಯಂತ್ರದ ಪಕ್ಕದಿಂದ

ನನ್ನ ಕೆಲಸ ಟೆಸ್ಟಿಂಗ್ ಲ್ಯಾಬ್‌ನಲ್ಲಿ. ಕಬ್ಬಿಣದ ಸರಳು, ಪ್ಲಾಸ್ಟಿಕ್ ಪಟ್ಟಿ, ರಬ್ಬರ್, ಏನೇ ಬಂದರೂ ಎಳೆದು ಅದರ ಬಲ ಅಳೆದು ಕೊಡುತ್ತೇನೆ. ಕೆಲವು ವರ್ಷಗಳಿಂದ ಆರ್ಥೋಪೆಡಿಕ್ಸ್ ಪಿಜಿ ವಿದ್ಯಾರ್ಥಿಗಳೂ ಬರುತ್ತಿದ್ದಾರೆ, ಐಸ್ ಡಬ್ಬಿಯಲ್ಲಿ ಮೆನಿಸ್ಕಸ್ (ಮೊಣಕಾಲಿನ ಕೀಲಿನೊಳಗೆ ಮೂಳೆಗಳ ನಡುವೆ ಮೆತ್ತೆಯ ಹಾಗೆ ಕೂರುವ ಮೃದ್ವಸ್ಥಿ) ಇಟ್ಟುಕೊಂಡು. ಎಲ್ಲರದೂ ಒಂದೇ ಪ್ರಶ್ನೆ: "ಸರ್, ಯಾವ ಹೊಲಿಗೆ ಜಾಸ್ತಿ ಗಟ್ಟಿ?" ನಾನು ತಿರುಗಿ ಕೇಳುವುದೂ ಒಂದೇ: "ಕೊನೆಗೆ ಸೋತಿದ್ದು ಯಾವುದು? ದಾರವಾ, ಗಂಟಾ, ಮೆನಿಸ್ಕಸ್ಸಾ?" ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಬರೀ ನ್ಯೂಟನ್ ಲೆಕ್ಕ ತಂದರೆ, ಆ ಲೆಕ್ಕದಿಂದ ಯಾರಿಗೂ ಉಪಯೋಗವಿಲ್ಲ.

ಈ ಕೆಲಸ ನನಗೆ ಮುಖ್ಯ ಅನ್ನಿಸಲು ಕಾರಣವಿದೆ. 1883ರಲ್ಲೇ ಥಾಮಸ್ ಅನಂಡೇಲ್ ಎಂಬ ಸರ್ಜನ್ ಎಡಿನ್‌ಬರೋದಲ್ಲಿ ಮೆನಿಸ್ಕಸ್ ಹೊಲಿದಿದ್ದರು. ಆದರೂ ಆಮೇಲೆ ಎಷ್ಟೋ ದಶಕ ಹರಿದ ಮೆನಿಸ್ಕಸ್ ತೆಗೆದುಬಿಡುವುದೇ ರೂಢಿಯಾಗಿತ್ತು. ತೆಗೆದ ಮೇಲೆ ಕೀಲು ಹೇಗೆ ಬದಲಾಗುತ್ತದೆ ಅಂತ 1948ರಲ್ಲಿ ಫೇರ್‌ಬ್ಯಾಂಕ್ ಎಂಬ ವೈದ್ಯರು ಎಕ್ಸ್‌ರೇ ಇಟ್ಟುಕೊಂಡು ತೋರಿಸಿದರು. ಹಾಗಾಗಿ ಉಳಿಸಬಹುದಾದದ್ದನ್ನು ಉಳಿಸಬೇಕು. ಉಳಿಸಬೇಕೆಂದರೆ, ಗಾಯ ಕೂಡುವ ತನಕ ಹೊಲಿಗೆ ಹಿಡಿದಿರಬೇಕು.

ಮೊದಲು ನಾರಿನ ದಿಕ್ಕು ನೋಡಿ. ಮೆನಿಸ್ಕಸ್ ಅರ್ಧಚಂದ್ರದ ಆಕಾರದ್ದು. ಅದರೊಳಗಿನ ಕೊಲಾಜನ್ ನಾರುಗಳಲ್ಲಿ ಹೆಚ್ಚಿನವು ಆ ಚಂದ್ರದ ಬಾಗಿನ ಜೊತೆಗೇ, ಉದ್ದಕ್ಕೆ ಓಡುತ್ತವೆ. ಕಡ್ಡಿಗಳ ಒಂದು ಕಟ್ಟು ಅಂದುಕೊಳ್ಳಿ. ಕಟ್ಟಿನ ಸುತ್ತ ಅಡ್ಡಲಾಗಿ ಹಗ್ಗ ಬಿಗಿದರೆ ಎಲ್ಲ ಕಡ್ಡಿಗಳೂ ಒಟ್ಟಿಗೆ ಸಿಗುತ್ತವೆ. ಅದೇ ಹಗ್ಗವನ್ನು ಕಡ್ಡಿಗಳ ಉದ್ದಕ್ಕೆ ಇಟ್ಟು ಎಳೆದರೆ, ಎರಡು ಕಡ್ಡಿಗಳ ಸಂದಿಯಲ್ಲಿ ಜಾರಿ ಬರುತ್ತದೆ. ವರ್ಟಿಕಲ್ ಮ್ಯಾಟ್ರೆಸ್ ಮತ್ತು ಹಾರಿಜಾಂಟಲ್ ಮ್ಯಾಟ್ರೆಸ್ ಎಂಬ ಎರಡು ಬಗೆಯ ಹೊಲಿಗೆಗಳ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಇಷ್ಟೇ. ವರ್ಟಿಕಲ್ ಹೊಲಿಗೆಯ ಕುಣಿಕೆ ನಾರಿನ ಕಟ್ಟನ್ನು ಅಡ್ಡಲಾಗಿ ಅಪ್ಪಿಕೊಳ್ಳುತ್ತದೆ. ಹಾರಿಜಾಂಟಲ್‌ನಲ್ಲಿ ದಾರ ನಾರಿನ ಜೊತೆಗೇ ಮಲಗುತ್ತದೆ. ಉದ್ದ ಸೀಳಿನಲ್ಲಿ ವರ್ಟಿಕಲ್ ಜಾಸ್ತಿ ಬಲ ತಡೆಯುತ್ತದೆ ಅಂತ ಬಹಳಷ್ಟು ಲ್ಯಾಬ್ ಪರೀಕ್ಷೆಗಳು ತೋರಿಸಿರುವುದು ಇದೇ ಕಾರಣಕ್ಕೆ.

ಈಗ ಮಾದರಿಗಳ ವಿಷಯ. ಮನುಷ್ಯರ ಮೆನಿಸ್ಕಸ್ ಸಿಗುವುದು ಕಷ್ಟ. ಸಿಕ್ಕರೂ ವಯಸ್ಸಾದವರದ್ದೇ ಜಾಸ್ತಿ, ಸವೆದಿರುತ್ತದೆ. ಅದಕ್ಕೇ ಹಂದಿಯ ಮೊಣಕಾಲು ಬಳಸುವವರು ಹೆಚ್ಚು. ಎಲ್ಲವೂ ಒಂದೇ ವಯಸ್ಸಿನ, ಒಂದೇ ಗಾತ್ರದ ಪ್ರಾಣಿಗಳದ್ದಾಗಿರಲಿ. ತಕ್ಷಣ ಪರೀಕ್ಷೆ ಆಗದಿದ್ದರೆ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಸುತ್ತಿ −20 ಡಿಗ್ರಿಯಲ್ಲಿ ಇಡಿ. ಒಂದೇ ಸಲ ಕರಗಿಸಿ, ಮತ್ತೆ ಫ್ರೀಜ್ ಮಾಡಬೇಡಿ. ಯಂತ್ರದ ಮೇಲೆ ಇರುವಾಗಲೂ ಐದೈದು ನಿಮಿಷಕ್ಕೊಮ್ಮೆ ಸಲೈನ್ ಸಿಂಪಡಿಸಿ. ಒಣಗಿದ ಮೆನಿಸ್ಕಸ್ ಚರ್ಮದ ಚಪ್ಪಲಿಯ ಹಾಗೆ ಬಿಗಿಯಾಗುತ್ತದೆ. ಆಗ ನೀವು ಅಳೆಯುವುದು ಬೇರೆಯದೇ ವಸ್ತುವನ್ನು.

ಎರಡು ಹೊಲಿಗೆ ಹೋಲಿಸುತ್ತೀರಿ ಅಂದರೆ ಹೊಲಿಗೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಇರಬೇಕು. ಕೇಳಲು ಸುಲಭ, ಅಲ್ವಾ? ಒಬ್ಬ ಹುಡುಗಿ ಎರಡು ತಿಂಗಳು ಕಷ್ಟಪಟ್ಟು ಮಾದರಿ ತಯಾರಿಸಿ ತಂದಿದ್ದಳು. ವರ್ಟಿಕಲ್ ಗುಂಪಿಗೆ ಪಾಲಿಎಥಿಲೀನ್‌ನ ಹೆಣೆದ ದಾರ, ಹಾರಿಜಾಂಟಲ್ ಗುಂಪಿಗೆ ಪಿಡಿಎಸ್ (ಮೈಯೊಳಗೆ ತಾನಾಗೇ ಕರಗುವ ಒಂಟಿ ಎಳೆಯ ದಾರ). ಎರಡೂ 2-0 ಸೈಜಿನವೇ, ಹಾಗಾಗಿ ಸಾಕು ಅಂದುಕೊಂಡಿದ್ದಳು. ಆದರೆ ಹೆಣೆದ ದಾರ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ, ಹಿಗ್ಗುವುದೂ ಕಡಿಮೆ. ಪಿಡಿಎಸ್ ಹಿಗ್ಗುತ್ತದೆ. ಬಂದ ವ್ಯತ್ಯಾಸ ಹೊಲಿಗೆಯದ್ದೋ ದಾರದ್ದೋ ಅಂತ ಬಿಡಿಸಿ ಹೇಳಲು ದಾರಿಯೇ ಇರಲಿಲ್ಲ. ಅಷ್ಟೂ ಮಾದರಿ ಮತ್ತೆ ಮಾಡಬೇಕಾಯಿತು. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಆವತ್ತಿನಿಂದ ಮಾದರಿ ತಯಾರಿಸುವ ಮೊದಲೇ ಒಮ್ಮೆ ಬಂದು ಮಾತಾಡಿ ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ.

ದಾರ ಒಂದೇ, ಸೂಜಿ ಒಂದೇ. ಗಂಟಿನ ಬಗೆಯೂ, ಎಷ್ಟು ಸಲ ಹಾಕುತ್ತೀರಿ ಎನ್ನುವುದೂ ಒಂದೇ. ಸೀಳಿನಿಂದ ಸೂಜಿ ಚುಚ್ಚುವ ಜಾಗಕ್ಕೆ ಇರುವ ದೂರವನ್ನು ಸ್ಕೇಲ್ ಇಟ್ಟು ಗುರುತು ಮಾಡಿ. ಎಲ್ಲ ಹೊಲಿಗೆಯನ್ನೂ ಒಬ್ಬರೇ ಹಾಕಲಿ. ಆ ಒಬ್ಬರೂ ಬೆಳಿಗ್ಗೆ ಒಂದು ಗುಂಪು, ಸಂಜೆ ಸುಸ್ತಾದ ಮೇಲೆ ಇನ್ನೊಂದು ಗುಂಪು ಅಂತ ಮಾಡಬಾರದು. ಚೀಟಿ ಎತ್ತಿ ಕ್ರಮ ನಿರ್ಧರಿಸಿ. ಆಲ್-ಇನ್‌ಸೈಡ್ ಸಾಧನಗಳನ್ನು (ಇಡೀ ಹೊಲಿಗೆಯನ್ನು ಕೀಲಿನ ಒಳಗಿನಿಂದಲೇ ಹಾಕುವ ರೆಡಿಮೇಡ್ ಸಾಧನ) ಹೋಲಿಸುವಾಗ ದಾರ, ಗಂಟು, ಆಂಕರ್ (ದಾರವನ್ನು ಹಿಡಿದಿಡುವ ಸಣ್ಣ ತುಂಡು) ಎಲ್ಲ ಒಂದೇ ಪ್ಯಾಕ್‌ನಲ್ಲಿ ಬರುತ್ತವೆ, ಬೇರೆ ಮಾಡಲಾಗುವುದಿಲ್ಲ. ಆಗ ನೀವು ಹೋಲಿಸುತ್ತಿರುವುದು ಇಡೀ ಸಾಧನವನ್ನು, ಹೊಲಿಗೆಯನ್ನಲ್ಲ. ಹಾಗಂತಲೇ ಬರೆಯಿರಿ.

ಸೀಳು ಮಾಡುವುದಕ್ಕೂ ಒಂದು ಕ್ರಮವಿದೆ. ಹೊರ ಅಂಚಿನಿಂದ 3 ಮಿಮೀ ಒಳಗೆ ಬ್ಲೇಡಿನಿಂದ ಉದ್ದಕ್ಕೆ ಕೊಯ್ಯಿರಿ, ಆದರೆ ಎರಡು ತುದಿಯಲ್ಲೂ ಸ್ವಲ್ಪ ಬಿಡಿ. ಆ ತುದಿಗಳು ಹಿಡಿದಿರುವಾಗಲೇ ಹೊಲಿಗೆ ಹಾಕಿ. ಆಮೇಲೆ ತುದಿಗಳನ್ನೂ ಕೊಯ್ದು ಬಿಡಿಸಿ. ಈಗ ಒಳಗಿನ ತುಂಡಿಗೂ ಹೊರಗಿನ ತುಂಡಿಗೂ ಹೊಲಿಗೆ ಬಿಟ್ಟು ಬೇರೆ ಸಂಬಂಧವಿಲ್ಲ. ಎಲ್ಲೋ ನಾಲ್ಕು ನಾರು ಉಳಿದುಕೊಂಡರೂ ಅವು ಹೊಲಿಗೆಯ ಪಾಲಿನ ಭಾರ ಹೊರುತ್ತವೆ. ಕೆಳಗಿನಿಂದ ಟಾರ್ಚ್ ಹಿಡಿದು ನೋಡಿ.

ಇನ್ನು ಕ್ಲಾಂಪ್, ಅಂದರೆ ಮಾದರಿಯನ್ನು ಯಂತ್ರಕ್ಕೆ ಕಚ್ಚಿಸುವ ಹಿಡಿ. ನನ್ನ ಅನುಭವದಲ್ಲಿ ಹೆಚ್ಚು ಪರೀಕ್ಷೆ ಕೆಡುವುದು ಇಲ್ಲೇ. ಹೊರಗಿನ ತುಂಡು ದಪ್ಪ, ಸರಿಯಾಗಿ ಸಿಗುತ್ತದೆ. ಒಳ ಅಂಚು ತೆಳ್ಳಗೆ, ಜಾರು. ಒಮ್ಮೆ ಗ್ರಾಫ್ ಚೆನ್ನಾಗಿ ಬಂತು ಅಂತ ನಾನೇ ಒಪ್ಪಿ ಫೈಲ್ ಸೇವ್ ಮಾಡಿದ್ದೆ. ಮಾದರಿ ಬಿಚ್ಚಿದಾಗ ಒಳ ಅಂಚಿನ ಮೇಲೆ ಕ್ಲಾಂಪಿನ ಹಲ್ಲುಗಳು ಉಜ್ಜಿಕೊಂಡು ಹೋದ ಉದ್ದ ಗೀರು ಕಾಣಿಸಿತು. ಹೊಲಿಗೆ ಇದ್ದ ಹಾಗೇ ಇತ್ತು. ಅಂದರೆ ಯಂತ್ರ ಬರೆದದ್ದು ಕ್ಲಾಂಪ್ ಜಾರಿದ ಕಥೆಯನ್ನು. ಅಲ್ಲಿಂದ ಮುಂದೆ ಕ್ಲಾಂಪಿನ ಒಳಗೆ ಒರಟು ಸ್ಯಾಂಡ್‌ಪೇಪರ್ ಇಡುತ್ತೇನೆ. ಕ್ಲಾಂಪಿನ ಅಂಚಿನ ಪಕ್ಕ ಮೆನಿಸ್ಕಸ್ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆಯುತ್ತೇನೆ. ಗೆರೆ ಸರಿದರೆ ಆ ಮಾದರಿ ಲೆಕ್ಕಕ್ಕಿಲ್ಲ. ಈ ನಿಯಮವನ್ನು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಡಿ. ಫಲಿತಾಂಶ ನೋಡಿಕೊಂಡು ಮಾದರಿ ಕೈಬಿಡುವುದು ತಪ್ಪು.

ಎಳೆಯುವ ದಿಕ್ಕು ಸೀಳಿಗೆ ನೇರ ಅಡ್ಡಲಾಗಿರಲಿ. ನಾನು 5 ನ್ಯೂಟನ್‌ನಷ್ಟು ಎಳೆತ ಕೊಟ್ಟು ಸಡಿಲ ತೆಗೆದು ಶುರು ಮಾಡುತ್ತೇನೆ. ಅರ್ಧ ಕಿಲೋ ತೂಗುಹಾಕಿದ ಹಾಗೆ. ಆಮೇಲೆ 5ರಿಂದ 20 ನ್ಯೂಟನ್ ನಡುವೆ ಎಳೆದು ಬಿಡುವುದು, ಸೆಕೆಂಡಿಗೆ ಒಂದು ಸಲ, ಒಟ್ಟು 500 ಸಲ. ಎಂಟು ನಿಮಿಷ ಚಿಲ್ಲರೆ ಹಿಡಿಯುತ್ತದೆ. ಬೇರೆ ಲ್ಯಾಬ್‌ಗಳಲ್ಲಿ 100 ಸಲವೂ ಮಾಡುತ್ತಾರೆ, 1000 ಸಲವೂ ಮಾಡುತ್ತಾರೆ. ಎಷ್ಟಾದರೂ ಇರಲಿ, ಈ ಹಂತ ಮಾತ್ರ ಬಿಡಬೇಡಿ. ಕಾಯಿಲೆಯವರು ಒಂದೇ ಸಲ ಜೋರಾಗಿ ಎಳೆದು ಹೊಲಿಗೆ ಹರಿದುಕೊಳ್ಳುವುದಕ್ಕಿಂತ, ಸಣ್ಣ ಸಣ್ಣ ಎಳೆತ ಸಾವಿರ ಸಲ ಬಿದ್ದು ಸೀಳು ಬಾಯಿ ಬಿಡುವ ಭಯವೇ ಜಾಸ್ತಿ.

ಆ ಬಾಯಿ ಎಷ್ಟು ತೆರೆಯಿತು ಅನ್ನುವುದನ್ನು ಯಂತ್ರದ ಚಲನೆಯಿಂದ ಲೆಕ್ಕ ಹಾಕಬೇಡಿ. ಅದರಲ್ಲಿ ಮೆನಿಸ್ಕಸ್ ಹಿಗ್ಗಿದ್ದು, ಕ್ಲಾಂಪ್ ಕೂತಿದ್ದು ಎಲ್ಲ ಸೇರಿರುತ್ತದೆ. ಸೀಳಿನ ಎರಡೂ ಕಡೆ ಶಾಯಿಯ ಚುಕ್ಕಿ ಇಡಿ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸ್ಕೇಲ್ ಕಾಣುವ ಹಾಗೆ, 1ನೇ, 100ನೇ, 500ನೇ ಎಳೆತಕ್ಕೆ ಫೋಟೋ ತೆಗೆಯಿರಿ. ಚುಕ್ಕಿಗಳ ನಡುವಿನ ದೂರ ಎಷ್ಟು ಬೆಳೆಯಿತೋ ಅದೇ ನಿಮ್ಮ ಗ್ಯಾಪ್.

ಇಷ್ಟಾದ ಮೇಲೆ ಕೊನೆಯ ಎಳೆತ. ಎಲ್ಲ ಮಾದರಿಗೂ ಒಂದೇ ವೇಗ. ಇಲ್ಲಿ ಕಣ್ಣು ಯಂತ್ರದ ಪರದೆ ಮೇಲಲ್ಲ, ಮಾದರಿ ಮೇಲಿರಲಿ. ದಾರ ಕೊಯ್ಯುವಾಗ ಮೊದಲು ಅದರ ಕೆಳಗೆ ಒಂದು ಸಣ್ಣ ಕುಳಿ ಬೀಳುತ್ತದೆ. ಕುಳಿಯ ಅಂಚು ಬೆಳ್ಳಗಾಗುತ್ತದೆ. ಸ್ವಲ್ಪ ನೀರು ಒಸರುತ್ತದೆ. ಆಮೇಲೆ ಚೂರಿ ಇಳಿದ ಹಾಗೆ ದಾರ ನಿಧಾನಕ್ಕೆ ಮೆನಿಸ್ಕಸ್ಸನ್ನು ಸೀಳಿಕೊಂಡು ಬರುತ್ತದೆ. ಗ್ರಾಫ್‌ನಲ್ಲಿ ಗರಗಸದ ಹಲ್ಲಿನ ಹಾಗೆ ಏರಿಳಿತ ಕಾಣುತ್ತದೆ. ದಾರ ಹರಿದರೆ ಹಾಗಲ್ಲ, ಟಪ್ ಅಂತ ಶಬ್ದ, ಗ್ರಾಫ್ ಒಂದೇ ಸಲ ನೆಲಕ್ಕೆ. ಗಂಟು ಜಾರಿದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಯಾವುದಾಯಿತು ಅಂತ ಅಲ್ಲೇ, ಆಗಲೇ ಬರೆದುಕೊಳ್ಳಿ. ಒಂದು ಗುಂಪಿನಲ್ಲಿ ಎಲ್ಲ ದಾರವೂ ಹರಿದಿದ್ದರೆ ನೀವು ಅಳೆದಿದ್ದು ದಾರದ ಬಲವನ್ನು, ಹೊಲಿಗೆ ಇನ್ನೂ ಎಷ್ಟು ತಡೆಯುತ್ತಿತ್ತೋ ಗೊತ್ತಾಗಿಲ್ಲ. ಎಲ್ಲ ಕಡೆಯೂ ಮೆನಿಸ್ಕಸ್ ಸೀಳಿದ್ದರೆ ಮಾತ್ರ ಹೊಲಿಗೆ ನಾರನ್ನು ಹೇಗೆ ಹಿಡಿಯಿತು ಅನ್ನುವ ಹೋಲಿಕೆ ಸಿಕ್ಕಿತು.

ಸ್ಟಿಫ್‌ನೆಸ್ (ಒಂದು ಮಿಮೀ ಹಿಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು) ತೆಗೆಯುವುದು ಸುಲಭ. ಗ್ರಾಫಿನ ನೇರ ಭಾಗ ತೆಗೆದುಕೊಳ್ಳಿ. 1 ಮಿಮೀಗೆ 20 ನ್ಯೂಟನ್, 2 ಮಿಮೀಗೆ 50 ನ್ಯೂಟನ್ ಇದ್ದರೆ, ಮಿಮೀಗೆ 30 ನ್ಯೂಟನ್.

ಉದ್ದ ಸೀಳಿನಲ್ಲಿ ಕಲಿತದ್ದನ್ನು ರೇಡಿಯಲ್ ಸೀಳಿಗೆ (ಒಳ ಅಂಚಿನಿಂದ ಹೊರ ಅಂಚಿನ ಕಡೆಗೆ ಹೋಗುವ ಸೀಳು) ಹಾಗೇ ಹೊತ್ತೊಯ್ಯಬೇಡಿ. ಅಲ್ಲಿ ನಾರುಗಳೇ ಅಡ್ಡಕ್ಕೆ ತುಂಡಾಗಿರುತ್ತವೆ. ಕಾಲಿನ ಮೇಲೆ ಭಾರ ಬಿದ್ದಾಗ ಸೀಳಿನ ಎರಡು ಬದಿಗಳೂ ನಾರಿನ ದಿಕ್ಕಿನಲ್ಲೇ ದೂರ ಸರಿಯುತ್ತವೆ. ಬರೀ ಅಡ್ಡ ದಾಟುವ ಹೊಲಿಗೆ ಹಾಕಿದರೆ ದಾರ ನಾರುಗಳ ಸಂದಿಯಲ್ಲೇ ಜಾರಿ ಸೀಳಿನ ಬಾಯಿಗೆ ಬಂದುಬಿಡಬಹುದು. ಅದಕ್ಕೇ ಸೀಳಿನ ಎರಡೂ ಕಡೆ ಮೊದಲು ವರ್ಟಿಕಲ್ ಕುಣಿಕೆ ಹಾಕಿ, ಅವುಗಳ ಹಿಂದಿನಿಂದ ಅಡ್ಡ ಹೊಲಿಗೆ ಹಾಕುವ ವಿಧಾನ ಬಂತು. ಜಾರಿ ಬರುವ ದಾರವನ್ನು ಆ ಕುಣಿಕೆ ತಡೆದು ನಿಲ್ಲಿಸುತ್ತದೆ. ಇದನ್ನು ಪರೀಕ್ಷಿಸುವಾಗ ಎಳೆಯುವ ದಿಕ್ಕನ್ನೂ ಬದಲಿಸಬೇಕು, ಮೆನಿಸ್ಕಸ್ಸಿನ ಉದ್ದಕ್ಕೆ ಎಳೆಯಬೇಕು. ಹಾಗೆಯೇ ಬೇರು (ಮೂಳೆಗೆ ಅಂಟಿಕೊಂಡ ತುದಿ) ಕಿತ್ತ ಮೆನಿಸ್ಕಸ್ಸಿಗೆ, ದಾರ ಹಾಯಿಸಲು ಟಿಬಿಯಾದಲ್ಲಿ (ಮೊಣಕಾಲಿನ ಕೆಳಗಿನ ಮೂಳೆ) ಕೊರೆದ ರಂಧ್ರದ ದಿಕ್ಕಿನಲ್ಲಿ ಎಳೆಯಬೇಕು.

ಫಲಿತಾಂಶ ಬರೆಯುವಾಗ ಪ್ರತಿ ಗುಂಪಿಗೂ ನಾಲ್ಕು ಕಾಲಂ ಇರಲಿ: 500 ಎಳೆತದ ಕೊನೆಗೆ ಗ್ಯಾಪ್, ಸ್ಟಿಫ್‌ನೆಸ್, ಗರಿಷ್ಠ ಬಲ, ಸೋತ ಬಗೆ. ಬರೀ ಸರಾಸರಿ ಕೊಡಬೇಡಿ, ಒಂದೊಂದು ಮಾದರಿಯ ಚುಕ್ಕಿಯೂ ಚಿತ್ರದಲ್ಲಿ ಕಾಣಲಿ. ಒಂದೇ ಪ್ರಾಣಿಯ ಎರಡು ಮೊಣಕಾಲು ಎರಡು ಗುಂಪಿಗೆ ಹೋಗಿದ್ದರೆ ಜೋಡಿಯಾಗಿಯೇ ಲೆಕ್ಕ ಹಾಕಿ. ಜೊತೆಗೆ ಇದು ಹೊಲಿದ ದಿನದ ಬಲ ಮಾತ್ರ ಅಂತ ಸ್ಪಷ್ಟವಾಗಿ ಬರೆಯಿರಿ. ಪಿಡಿಎಸ್ ಮೈಯೊಳಗೆ ವಾರ ಕಳೆದ ಹಾಗೆ ಬಲ ಕಳೆದುಕೊಳ್ಳುತ್ತದೆ, ಗಾಯ ಕೂಡುತ್ತಾ ಬಲ ಗಳಿಸುತ್ತದೆ. ಯಂತ್ರದ ಮೇಲೆ ಇವೆರಡೂ ನಡೆಯುವುದಿಲ್ಲ.

ಪರೀಕ್ಷೆ ಮುಗಿದ ಮಾದರಿಗಳನ್ನು ಆವತ್ತೇ ಎಸೆಯಬೇಡಿ. ನಂಬರ್ ಚೀಟಿ ಕಟ್ಟಿ ಫಾರ್ಮಲಿನ್ ಡಬ್ಬಿಯಲ್ಲಿ ಇಡಿ. ಗೈಡ್ ಆರು ತಿಂಗಳ ಮೇಲೆ ಏಳನೇ ಮಾದರಿ ಯಾಕೆ ಹಾಗಾಯಿತು ಅಂತ ಕೇಳುತ್ತಾರೆ. ಆಗ ಅದನ್ನು ಹೊರತೆಗೆದು ದಾರ ಕೊಯ್ದ ಗೀರನ್ನು ಅವರ ಕಣ್ಣಿಗೇ ತೋರಿಸಬಹುದು.