ಮುಂಬೈ ಮಳೆಯಲ್ಲಿ ಗಾಜಿನ ಆರ್‌ಪಿಸಿ ಕಟ್ಟಿದ್ದು

ನಾವು ಕಟ್ಟುವ ಡಿಟೆಕ್ಟರ್, ಅಂದರೆ ಕಣಗಳನ್ನು ಪತ್ತೆ ಮಾಡುವ ಉಪಕರಣ, ನೋಡೋಕೆ ಸರಳ. 3 ಮಿ.ಮೀ. ದಪ್ಪದ ಎರಡು ಗಾಜು, ನಡುವೆ 2 ಮಿ.ಮೀ. ಸಂದು, ಆ ಸಂದಿನಲ್ಲಿ ಗ್ಯಾಸ್. ಗಾಜಿನ ಹೊರಮೈಗೆ ಗ್ರಾಫೈಟ್ ಪೇಂಟ್ ಹೊಡೆದು ಸುಮಾರು 10 ಕಿಲೋವೋಲ್ಟ್ ಕೊಡುತ್ತೇವೆ. ಆಕಾಶದಿಂದ ಸದಾ ಸುರಿಯುವ ಮ್ಯೂಯಾನ್ ಎಂಬ ಸೂಕ್ಷ್ಮ ಕಣ ಹಾದುಹೋದಾಗ ಗ್ಯಾಸಿನಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಅವು ಇನ್ನಷ್ಟನ್ನು ಕಿತ್ತುಕೊಂಡು ಓಡುತ್ತವೆ. ಹೊರಗಿನ ತಾಮ್ರದ ಪಟ್ಟಿಯಲ್ಲಿ ಸಿಗ್ನಲ್ ಏಳುತ್ತದೆ. ಗಾಜು ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ಗಲಾಟೆ ಅಷ್ಟೇ ಜಾಗದಲ್ಲಿ ಮುಗಿಯುತ್ತದೆ. ಇದು ರೆಸಿಸ್ಟಿವ್ ಪ್ಲೇಟ್ ಚೇಂಬರ್, ಚಿಕ್ಕದಾಗಿ ಆರ್‌ಪಿಸಿ. 1981ರಲ್ಲಿ ಇಟಲಿಯ ಸಾಂಟೋನಿಕೋ ಮತ್ತು ಕಾರ್ಡರೆಲ್ಲಿ ಇದನ್ನು ತೋರಿಸಿಕೊಟ್ಟಾಗ ಬಳಸಿದ್ದು ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್, ಗಾಜು ಆಮೇಲೆ ಬಂತು.

ಸಂದು ಎಲ್ಲ ಕಡೆ ಒಂದೇ ಅಗಲ ಇರಲಿ ಅಂತ ಗಾಜುಗಳ ನಡುವೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಗುಂಡಿಗಳನ್ನು ಅಂಟಿಸುತ್ತೇವೆ. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಳಗಿನ ಒತ್ತಡ ಬರೀ ಒಂದು ಸೆಂಟಿಮೀಟರ್ ನೀರಿನಷ್ಟು ಜಾಸ್ತಿಯಾದರೂ ಒಂದು ಚದರ ಮೀಟರ್ ಗಾಜನ್ನು 10 ಕಿಲೋ ಭಾರ ಹೊರಕ್ಕೆ ತಳ್ಳುತ್ತದೆ. ಅಂಟು ಸರಿಯಾಗಿ ಕೂರದ ಗುಂಡಿ 'ಟಪ್' ಅಂತ ಬಿಡುತ್ತದೆ. ಆ ಸದ್ದು ಕೇಳಿದರೆ ಕುಂದಾಪುರದ ನಮ್ಮ ಟೆಕ್ನಿಶಿಯನ್ 'ಹೋಯ್ತ್ ಮಾರಾಯ್ರೆ' ಅಂತ ಕೈಚೆಲ್ಲುತ್ತಾರೆ. ಬಿಟ್ಟ ಕಡೆ ಸಂದು ಅಗಲವಾಗುತ್ತದೆ, ಅಲ್ಲಿ ವಿದ್ಯುತ್ ಕ್ಷೇತ್ರ ಇಳಿಯುತ್ತದೆ, ಮ್ಯೂಯಾನ್‌ಗಳು ತಪ್ಪಿಸಿಕೊಳ್ಳುತ್ತವೆ.

ಲೀಕ್ ಪರೀಕ್ಷೆಗೆ ನೀರಿನ ಮ್ಯಾನೋಮೀಟರ್, ಅಂದರೆ ಒತ್ತಡವನ್ನು ನೀರಿನ ಮಟ್ಟದಲ್ಲಿ ತೋರಿಸುವ ಕೊಳವೆ, ಸಾಕು. ಆದರೆ ಮಟ್ಟ ಇಳಿಯಿತೆಂದು ಲೀಕ್ ಅನ್ನಬೇಡಿ. ನಮ್ಮ ಕಡೆಯ ವಾತಾವರಣದ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ, ಬೆಳಗ್ಗೆ ಹತ್ತರ ಹೊತ್ತಿಗೆ ಹೆಚ್ಚು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಮ್ಮಿ. ಮ್ಯಾನೋಮೀಟರ್ ಅದನ್ನೂ ತೋರಿಸುತ್ತದೆ. ಪಕ್ಕದಲ್ಲಿ ಬಾರೋಮೀಟರ್, ಥರ್ಮಾಮೀಟರ್ ಇಟ್ಟು ಮೂರನ್ನೂ ಬರೆದುಕೊಳ್ಳಿ. ಸಂಶಯ ಉಳಿದರೆ ಎಸಿ ರಿಪೇರಿಯವರು ಗ್ಯಾಸ್ ಸೋರಿಕೆ ಹುಡುಕುವ ಸ್ನಿಫರ್ ತನ್ನಿ. ನಮ್ಮ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 95 ಪಾಲು ಎಸಿಯಲ್ಲೂ ಬಳಸುವ ಆರ್-134ಎ ಇರುವುದರಿಂದ ಅದು ತಕ್ಷಣ ಕೂಗುತ್ತದೆ. ಉಳಿದದ್ದು ಐಸೋಬ್ಯುಟೇನ್, ಜೊತೆಗೆ ಚೂರು ಎಸ್‌ಎಫ್-6 (ಸಲ್ಫರ್ ಹೆಕ್ಸಾಫ್ಲೋರೈಡ್).

ಇಷ್ಟೆಲ್ಲ ಮುಗಿಯುವಾಗ ಜೂನ್ ಬಂತು. ಮುಂಬೈ ಮಳೆ ಗೊತ್ತಲ್ವಾ, ಕೋಣೆಯ ಗೋಡೆಯೇ ಬೆವರುತ್ತದೆ. ಒಣ ದಿನಗಳಲ್ಲಿ ತೆಪ್ಪಗಿದ್ದ ಲೀಕೇಜ್ ಕರೆಂಟ್, ಅಂದರೆ ಸುಮ್ಮನೆ ಸೋರಿಹೋಗುವ ಕರೆಂಟ್, ಹಲವು ಪಟ್ಟು ಏರಿತು. ಗ್ಯಾಸ್ ಬದಲಿಸಿದರೂ ಇಳಿಯಲಿಲ್ಲ. ಕೊನೆಗೆ ಪ್ಯಾನೆಲಿನ ಅಂಚುಗಳಿಗೆ ಸುಮ್ನೆ ಒಣ ನೈಟ್ರೋಜನ್ ಊದಿ ನೋಡಿದೆವು. ಕರೆಂಟ್ ಕಣ್ಣೆದುರೇ ಇಳಿಯತೊಡಗಿತು. ಗಾಜಿನ ಹೊರ ಅಂಚಿನಲ್ಲಿ ಕೂತ ತೇವದ ಪೊರೆಯೇ ಕರೆಂಟಿಗೆ ದಾರಿಯಾಗಿತ್ತು. ಈಗ ಪ್ರತಿ ಪ್ಯಾನೆಲನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಒಣಗಾಳಿ ಹರಿಸುತ್ತೇವೆ. ಗ್ಯಾಸ್ ಒಳಗೂ ತೇವ ಸೇರಬಾರದು. ಡಿಸ್ಚಾರ್ಜ್ ಆದಾಗ ಗ್ಯಾಸಿನಲ್ಲಿರುವ ಫ್ಲೋರಿನ್ ನೀರಿನ ಜೊತೆ ಸೇರಿ ಗಾಜನ್ನೇ ತಿನ್ನುವ ಆಸಿಡ್ ಆಗುತ್ತದೆ. ಪ್ಲಾಸ್ಟಿಕ್ ಕೊಳವೆ ಮೂಲಕ ತೇವ ನುಸುಳುತ್ತದೆ, ಆದ್ದರಿಂದ ಆದಷ್ಟೂ ತಾಮ್ರದ ಕೊಳವೆ ಹಾಕಿ ಅಂತಲೇ ನಾನು ಹೇಳುವುದು.

ಮ್ಯೂಯಾನ್‌ಗೆ ಕಾಸು ಕೊಡಬೇಕಿಲ್ಲ. ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬರುತ್ತದೆ. ಮೇಲೆ ಕೆಳಗೆ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಇಟ್ಟು, ಎರಡರಲ್ಲೂ ದಾಖಲಾದ ಮ್ಯೂಯಾನ್ ನಮ್ಮ ಪ್ಯಾನೆಲಿನಲ್ಲೂ ಕಂಡಿತಾ ಅಂತ ಎಣಿಸುತ್ತೇವೆ. ಜುಲೈನ ಜಡಿಮಳೆಯಲ್ಲೂ ನೂರಕ್ಕೆ 95ಕ್ಕಿಂತ ಜಾಸ್ತಿ ಕಂಡಾಗ ಆದ ಖುಷಿ ದೊಡ್ಡದು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ, ಯಾವುದಕ್ಕೂ ಸುಲಭಕ್ಕೆ ಸಿಗದ ನ್ಯೂಟ್ರಿನೋ ಕಣ ಹಿಡಿದವರ ಬಳಿ ಸಿಂಟಿಲೇಟರ್ ಜೊತೆ ಇದ್ದದ್ದೂ ನಿಯಾನ್ ತುಂಬಿದ ಗಾಜಿನ ಕೊಳವೆಗಳೇ.

ಮುಂದಿನ ತಲೆನೋವು ಗ್ಯಾಸೇ. ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಬದಲಿಗೆ ಭೂಮಿಯನ್ನು ತೀರಾ ಕಮ್ಮಿ ಬಿಸಿ ಮಾಡುವ ಎಚ್‌ಎಫ್‌ಒ ಗ್ಯಾಸ್ ಹಾಕಿದರೆ ವೋಲ್ಟೇಜ್ ಇನ್ನೂ ಏರಿಸಬೇಕು. ಅಂಚಿನ ತೇವದ ಕಾಟ ಆಗ ಇನ್ನೂ ಜಾಸ್ತಿ, ಹಾಗಾಗಿ ಪೆಟ್ಟಿಗೆಯ ಸೀಲ್‌ಗಳನ್ನು ಈಗ ಹೊಸದಾಗಿ ಮಾಡುತ್ತಿದ್ದೇವೆ.